ಕತ್ತರಿಹಕ್ಕಿ ಇಲ್ಲವಾದ ಮಳೆಗಾಲ

ನರೇಗಲ್‌ನ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಭಾನುವಾರ ಬಾಗಿಲು ಹಾಕುತ್ತೇನೆ, ಅದೂ ಹಕ್ಕಿಗಳ ಸಲುವಾಗಿ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ಕೆಲವರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಯಾರು ಎಲ್ಲಿ ಯಾವ ಹಕ್ಕಿ ಕಂಡರೂ ಸಂಜೆಯೊಳಗೆ ಅಲ್ಲಿ ಬರೆಯಬೇಕು. ಹೊಳೆಮಣ್ಣೂರಿನ ಹೊಳೆದಂಡೆಗೆ ಕೊಕ್ಕರೆ ಹಿಂಡು ಇಳಿದರೆ ಗಜೇಂದ್ರಗಡದ ಗುಡ್ಡದವರೆಗೂ ಸುದ್ದಿ ಮುಟ್ಟುತ್ತದೆ. ನರಗುಂದದ ಮಾಸ್ತರರೊಬ್ಬರು ಅದನ್ನೆಲ್ಲ ಕೂಡಿಸಿ, ಎಲ್ಲರೂ ನೋಡುವ ಜಾಲತಾಣಕ್ಕೆ ಏರಿಸುತ್ತಾರೆ. ಕಂಡದ್ದನ್ನಷ್ಟೇ ಅಲ್ಲ, ಇರಬೇಕಾದ ಹಕ್ಕಿ ಇಲ್ಲದಿದ್ದರೆ ಅದನ್ನೂ ಬರೆಯಬೇಕೆಂಬುದು ಅವರ ಕಟ್ಟಪ್ಪಣೆ.

ಉಳಿದವರ ಕೊರಳಲ್ಲಿ ದುರ್ಬೀನು ಇರುತ್ತದೆ. ನನ್ನ ಕೊರಳಲ್ಲಿ ಎಷ್ಟೋ ಸಲ ಅಂಗಡಿಯ ಅಳತೆಪಟ್ಟಿಯೇ ಮರೆತು ಉಳಿದಿರುತ್ತಿತ್ತು. ನಾನು ಕಿವಿಯಿಂದ ಹಕ್ಕಿ ನೋಡುವವನು. ಬೇಲಿಯೊಳಗೆ ಏನಾದರೂ ಉಲಿದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಹೆಸರು ಹೇಳಿದ ಮೇಲೆ ಮರುಮಾತಿಲ್ಲ. ಇದರಿಂದ ನನ್ನ ತಲೆ ತುಸು ತಿರುಗಿತ್ತು, ಸುಳ್ಳೇಕೆ ಹೇಳಲಿ.

ನನ್ನದೇ ಎನ್ನಬಹುದಾದ ಹಕ್ಕಿಯೂ ಒಂದಿತ್ತು. ಹೆಬ್ಬೆರಳಿನಷ್ಟು ಮೈ, ಒಣಹುಲ್ಲಿನ ಬಣ್ಣ. ಹುಲ್ಲಿನೊಳಗೆ ಕೂತರೆ ಕಣ್ಣೆದುರಿದ್ದರೂ ಕಾಣದು. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ನಮ್ಮವ್ವನ ಬಾಯಲ್ಲಿ ಅದು ಕತ್ತರಿಹಕ್ಕಿ. ಮಳೆಗಾಲದಲ್ಲಿ ಹೆಸರುಕಾಳಿನ ಹೊಲದ ಮೇಲೆ ಏರುತ್ತ ಇಳಿಯುತ್ತ ಹಾರಿ, ಪ್ರತಿ ಏರಿಗೂ ಒಂದೊಂದು ಸಲ 'ಚಿಟ್' ಎನ್ನುತ್ತದೆ, ಯಾರೋ ಕತ್ತರಿ ಆಡಿಸಿದ ಹಾಗೆ. ಅವ್ವ ಹೆಸರುಕಾಯಿ ಬಿಡಿಸುತ್ತ, "ಕೇಳಪಾ, ಮ್ಯಾಲೊಬ್ಬ ಸಿಂಪಿಗ ಕುಂತಾನ, ಮುಗಿಲಿಗೆ ಅಂಗಿ ಹೊಲ್ಯಾಕತ್ತಾನ" ಎನ್ನುತ್ತಿದ್ದಳು. ಅವ್ವ ಹೋದ ಮೇಲೂ ಪ್ರತಿ ಮಳೆಗಾಲ ಆ ಸದ್ದು ಕೇಳಿದಾಗ ಅವಳು ಪಕ್ಕದ ಸಾಲಿನಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು.

ಹೋದ ವರ್ಷ ಆ ಹಕ್ಕಿ ಕೇಳಲಿಲ್ಲ. ಮಳೆ ತಡವಾಗಿದೆ, ಅದೂ ತಡವಾಗಿ ಬರುತ್ತದೆ ಎಂದುಕೊಂಡೆ. ಹೆಸರು ಹೂ ಬಿಟ್ಟಿತು, ಕಾಯಾಯಿತು, ರಾಶಿಯೂ ಆಯಿತು. ಈ ವರ್ಷ ಮತ್ತೆ ಹೊಲ ಹೊಲ ತಿರುಗಿದೆ. ಕೊನೆಗೆ ಗುಂಪಿನಲ್ಲಿ ಬರೆದೆ: 'ನರೇಗಲ್, ಲಕ್ಕಲಕಟ್ಟಿ ಸುತ್ತ ಕತ್ತರಿಹಕ್ಕಿ ಇಲ್ಲ.' ಎರಡು ದಿನದಲ್ಲಿ ರೋಣದಿಂದ 'ಇಲ್ಲೂ ಇಲ್ಲ' ಎಂದು ಬಂತು. ಗಜೇಂದ್ರಗಡದಿಂದಲೂ ಅದೇ ಮಾತು. ಮಾಸ್ತರರು ಎಲ್ಲವನ್ನೂ ಜಾಲತಾಣಕ್ಕೆ ಏರಿಸಿದರು.

ನನಗೆ ಸಂಕಟವಾಯಿತು, ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸಿಟ್ಟು ತೀರಿಸಿಕೊಳ್ಳಲು ಸಿಕ್ಕವನು ನನ್ನ ಹೆಂಡತಿಯ ತಮ್ಮ. ಲಕ್ಕಲಕಟ್ಟಿಯಲ್ಲಿ ಅವನ ಹೊಲ. ಹೆಸರಿಗೆ ಹುಳ ಬಿತ್ತೆಂದು ಅವನು ಕೀಟನಾಶಕದ ಎಣ್ಣೆ ಹೊಡೆಸಿದ್ದ. "ನಿನ್ನ ಪಂಪಿನಿಂದ್ಲೇ ಆ ಹಕ್ಕಿ ಸತ್ತೈತಿ" ಎಂದು ಫೋನಿನಲ್ಲಿ ಹರಿಹಾಯ್ದೆ. ಅವನು, "ಮಾವಾ, ನೀವೊಮ್ಮೆ ಹೊಲಕ್ಕ ಬರ್ರಿ" ಎಂದ.

ಹೆಂಡತಿ ನನ್ನನ್ನು ಹೊರಡಿಸಿಕೊಂಡು ಹೋದಳು. ತಮ್ಮನಿಗೂ ಗಂಡನಿಗೂ ಮಾತು ಬಿಟ್ಟರೆ ನಡುವೆ ಒದ್ದಾಡುವವಳು ಅವಳೇ. ಹೊಲದ ಬದುವಿನ ಮೇಲೆ ನಾವು ಮೂವರೂ ನಿಂತಿದ್ದೆವು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡುವಷ್ಟರಲ್ಲಿ ಅವಳು ಮುಖ ಮೇಲೆತ್ತಿ ನಕ್ಕಳು.

"ಅಕಾ ನೋಡ್ರಿ, ಬಂತಲ್ರಿ ನಿಮ್ಮ ಕತ್ತರಿಹಕ್ಕಿ."

"ಎಲ್ಲೈತಿ?"

"ತಲಿ ಮ್ಯಾಲ ಕೂಗಾಕತ್ತೈತಿ. ಕೇಳವಲ್ದೇನ್ರಿ?"

ತಮ್ಮನ ಪರ ವಕಾಲತ್ತು ವಹಿಸಿದ್ದಾಳೆ ಎಂದುಕೊಂಡೆ. "ನನಗ ಹಕ್ಕಿ ಕಲಸ್ತಿಯೇನು?" ಎಂದು ದನಿ ಏರಿಸಿದೆ. ಅವಳ ನಗು ಹೋಯಿತು. ಅವಳು ತಮ್ಮನ ಕಡೆ ನೋಡಿದಳು. ಅವನು ನನ್ನ ಕಡೆ ನೋಡದೆ ಬೆರಳೆತ್ತಿ ಬದುವಿನ ತುದಿಯನ್ನು ತೋರಿಸಿದ.

ಮೋಡದ ಬಿಳುಪಿನಿಂದ ಚುಕ್ಕೆಯೊಂದು ಇಳಿದು ಬಂದು ಹುಲ್ಲಿನ ಕಡ್ಡಿಯ ಮೇಲೆ ಕೂತಿತು. ಕಡ್ಡಿ ಬಾಗಿತು. ಹಕ್ಕಿ ಬಾಲ ಬಿಚ್ಚಿ ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ದೂರದ ಟ್ರ್ಯಾಕ್ಟರಿನ ಸದ್ದು ನನಗೆ ಕೇಳುತ್ತಿತ್ತು, ಗಾಳಿಯೂ ಕೇಳುತ್ತಿತ್ತು. ಹತ್ತು ಹೆಜ್ಜೆಯಾಚೆ ಕೂತ ಆ ಹಕ್ಕಿಯ ಬಾಯಿಂದ ಮಾತ್ರ ಏನೂ ಬರಲಿಲ್ಲ.

ನಾನು ಬದುವಿನ ಮೇಲೆಯೇ ಕೂತುಬಿಟ್ಟೆ. ಬಿಕ್ಕಿ ಬಿಕ್ಕಿ ಅತ್ತೆ. ಮೈದುನನ ಎದುರು ಅಳಬಾರದೆಂಬ ನಾಚಿಕೆಯೂ ಆಗಲಿಲ್ಲ. ಕಿವಿ ಹೋಯಿತೆಂದಲ್ಲ, ಅವ್ವನನ್ನು ಇನ್ನೊಮ್ಮೆ ಕಳಿಸಿ ಬಂದಂತಾಯಿತು. ಮೈದುನ ನೀರಿನ ಬಾಟಲಿ ತಂದು ಕೈಗಿಟ್ಟ. ಫೋನಿನಲ್ಲಿ ನಾನು ಬೈದದ್ದನ್ನು ಅವನು ಆಗಲೂ ಎತ್ತಲಿಲ್ಲ, ಈಗಲೂ ಎತ್ತುವುದಿಲ್ಲ.

ಗಜೇಂದ್ರಗಡದ ದವಾಖಾನೆಯಲ್ಲಿ ಡಾಕ್ಟರು ಕಿವಿ ನೋಡಿದರು. ಮಾತು ಇನ್ನೂ ಚೆನ್ನಾಗಿಯೇ ಕೇಳುತ್ತದೆ, ಮೊದಲು ಹೋಗುವುದು ಸಣ್ಣ ಚೂಪಾದ ಸದ್ದು ಎಂದರು. ವಯಸ್ಸು, ಜೊತೆಗೆ ಜೀವಮಾನವಿಡೀ ಹೊಲಿಗೆ ಮಷೀನಿನ ಗದ್ದಲ.

"ಹಕ್ಕಿ ಕೇಳೂದು ಬಿಟ್ರ ಮತ್ತೇನೂ ತ್ರಾಸಿಲ್ಲಲ್ಲ?" ಎಂದು ಸಮಾಧಾನಕ್ಕೆ ಕೇಳಿದರು.

"ಅದೊಂದ ತ್ರಾಸ್ರಿ" ಎಂದೆ.

ಮನೆಗೆ ಬಂದು ಗುಂಪಿನಲ್ಲಿ ಬರೆಯಲು ಕೂತೆ. ಆ ಗುಂಪಿನಲ್ಲಿ ನನ್ನಿಂದ ಕಿವಿ ತೆಗೆದರೆ ಉಳಿಯುವುದು ಅಳತೆಪಟ್ಟಿ. ಆದರೂ ಜಾಲತಾಣದಲ್ಲಿ ಆ ಹಕ್ಕಿಯನ್ನು ಇಲ್ಲವಾಗಿಸಿ ಕೂರುವುದು ಆಗದ ಮಾತು. ಬರೆದೆ: 'ಕತ್ತರಿಹಕ್ಕಿ ಎಲ್ಲೂ ಹೋಗಿಲ್ಲ. ಹೋಗಿದ್ದು ನನ್ನ ಕಿವಿ.'

ಆಮೇಲೆ ಗಜೇಂದ್ರಗಡದ ನಿವೃತ್ತ ಕಂಡಕ್ಟರು ಫೋನನ್ನೇ ಮಾಡಿದರು. "ತಪ್ಪ ತಿಳೀಬ್ಯಾಡ್ರಿ. ಗುಡ್ಡದ ಬುಡಕ ನಾ ಆ ಸಪ್ಪಳ ಕೇಳಿದ್ದೆ. ನೀವು ಇಲ್ಲ ಅಂದ ಮ್ಯಾಲ ಅದು ಬ್ಯಾರೆ ಯಾವುದೋ ಇರಬೇಕು ಅಂತ ನಾನೂ ಇಲ್ಲ ಅಂತ ಬರದ್ನಿ." ರೋಣದ ಔಷಧಿ ಅಂಗಡಿಯವರದೂ ಅದೇ ಕಥೆ. ಕೇಳಿದವರೆಲ್ಲ ತಮ್ಮ ಕಿವಿ ಬಿಟ್ಟು ನನ್ನ ಕಿವಿಯನ್ನು ನಂಬಿದ್ದರು. ನಗಬೇಕೋ ಅಳಬೇಕೋ ತಿಳಿಯದೆ, "ಇನ್ನ ಮ್ಯಾಲ ನನ್ನ ಕೇಳಬ್ಯಾಡ್ರೆಪಾ" ಎಂದು ಫೋನಿಟ್ಟೆ. ಮಾಸ್ತರರು ಆ 'ಇಲ್ಲ'ಗಳನ್ನೆಲ್ಲ ಅಳಿಸಿದರು.

ಮುಂದಿನ ಭಾನುವಾರ ಹೆಂಡತಿಯೇ ಲಕ್ಕಲಕಟ್ಟಿಗೆ ಹೊರಟು ನಿಂತಳು. ಹಕ್ಕಿಯ ಹುಚ್ಚಿಲ್ಲದ ಹೆಂಗಸು. ಅದೇ ಬದುವಿನ ಮೇಲೆ ನಿಂತು, "ಎದ್ದೈತಿ ನೋಡ್ರಿ" ಎಂದಳು. ನೋಡಿದೆ. ಸದ್ದಿಲ್ಲದ ಚುಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳು ನನ್ನ ಕೈ ಹಿಡಿದು, ಅಂಗೈ ಬಿಡಿಸಿ, ಬೆರಳಿನಿಂದ ಮೆಲ್ಲಗೆ ತಟ್ಟತೊಡಗಿದಳು. ಹಕ್ಕಿ ಕೂಗಿದಾಗೊಮ್ಮೆ ಒಂದು ಸಲ. ಏರು, ತಟ್ಟು. ಏರು, ತಟ್ಟು. ಅದೇ ಅಂತರ, ಅದೇ ಲಯ. ಅವ್ವನ ಸಿಂಪಿಗ ಕೆಲಸ ಬಿಟ್ಟಿರಲಿಲ್ಲ.

ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬರೆದೆ: 'ಲಕ್ಕಲಕಟ್ಟಿ. ಕತ್ತರಿಹಕ್ಕಿ, ಒಂದು. ಕೇಳಿದವಳು ನನ್ನ ಹೆಂಡತಿ.'

ಅವಳ ಬೆರಳು ನಿಂತಿತು. "ಹುಲ್ಲಿಗೆ ಇಳೀತ್ರಿ" ಎಂದಳು. ಅದು ಮತ್ತೆ ಏಳುವವರೆಗೆ ನಾನು ಅಂಗೈ ಚಾಚಿಕೊಂಡೇ ನಿಂತೆ.