ಎರಡು ಲಿಪಿಯ ನೀರು

ಸಪರಾಲಿ ಗುರುವಾರ ತೀರಿಕೊಂಡ. ಹೃದಯಾಘಾತ. ಅವನು ಕೊಟ್ಟ ಲೆಕ್ಕ ಕಿರ್ಗಿಜ್‌ಸ್ತಾನದ ರಾಜಧಾನಿ ಬಿಷ್ಕೆಕ್‌ನ ನಮ್ಮ ಸಂಸ್ಥೆಯ ಯಂತ್ರಗಳಲ್ಲಿ ಇನ್ನೂ ಓಡುತ್ತಿದೆ. ನಿಲ್ಲಿಸಲು ಯಾರಿಗೂ ಕೈ ಬಂದಿಲ್ಲ.

ಬದುಕಿಡೀ ಹಿಮನದಿಗಳ ಮೇಲೆ ಕೋಲು ನೆಟ್ಟು ಕರಗಿದ್ದೆಷ್ಟು ಎಂದು ಅಳೆದವನು. ಮಂಡಿ ಸವೆದ ಮೇಲೆ ಕಂಪ್ಯೂಟರ್ ಮುಂದೆ ಕೂತ. ಈ ಮೇ ತಿಂಗಳಲ್ಲಿ ಅವನಿಗೆ ಒಂದೇ ಚಿಂತೆ. ತಾಯಿಯ ಊರಿನ ಮೇಲಿರುವ ಹಿಮದ ಕೆರೆ ಒಡೆದರೆ ನೀರು ಎಲ್ಲಿಯವರೆಗೆ ನುಗ್ಗುತ್ತದೆ? ಊರವರು ಕುರಿ ಹೊಡೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೊರಡುವುದರಲ್ಲಿದ್ದರು. ಡೇರೆ ಎಲ್ಲಿ ಹಾಕಬೇಕೆಂದು ಇವನೇ ಹೇಳಬೇಕಿತ್ತು.

ಲೆಕ್ಕಕ್ಕೆ ‘ಸೂ’ ಎಂದು ಹೆಸರಿಟ್ಟ. ಕಿರ್ಗಿಜ್ ಮಾತಿನಲ್ಲಿ ನೀರು. ಸಂಸ್ಥೆಯ ದೊಡ್ಡ ಕಂಪ್ಯೂಟರಿಗೆ ಕೊಟ್ಟ. ಎಲ್ಲರೂ ಹಂಚಿಕೊಳ್ಳುವ ಯಂತ್ರ, ಎಲ್ಲರ ಕೆಲಸವೂ ಸರದಿಯಲ್ಲಿ. ತನ್ನದು ಎಲ್ಲಿಗೆ ಬಂತೆಂದು ಆ ಹೆಸರು ಟೈಪ್ ಹೊಡೆದು ಕೇಳಿದರೆ ಪರದೆ ಖಾಲಿ. ಕಾಯುತ್ತಿದೆ ಎಂದಿಲ್ಲ, ಓಡುತ್ತಿದೆ ಎಂದಿಲ್ಲ. ಕಳೆದೇ ಹೋಯಿತೇನೋ ಎಂದುಕೊಂಡು, ಕೆರೆಯ ಆಳವನ್ನು ಕೊಂಚ ತಿದ್ದಿ ಮತ್ತೆ ಕೊಟ್ಟ. ಮತ್ತೆ ಖಾಲಿ. ಮತ್ತೆ ತಿದ್ದಿದ, ಮತ್ತೆ ಕೊಟ್ಟ.

ಯಂತ್ರ ನೋಡಿಕೊಳ್ಳುವ ಐಜಿರೆಕ್ ಬಾಗಿಲಿಗೆ ಬಂದು ನಿಂತಳು. ಹಿರಿಯಣ್ಣ ಎಂಬರ್ಥದಲ್ಲಿ ಅವನನ್ನು ‘ಬೈಕೆ’ ಎನ್ನುತ್ತಿದ್ದಳು.

“ಬೈಕೆ, ಸರದಿ ತುಂಬ ನೀವೇ ಇದೀರಲ್ಲ! ನಾವೆಲ್ಲ ಮನೆಗೆ ಹೋಗೋದಾ?”

“ನಾನಾ? ನಂದು ಒಂದೂ ಇಲ್ಲ ಕಣಮ್ಮ. ನಿನ್ನ ಯಂತ್ರ ನುಂಗಿಬಿಟ್ಟಿದೆ.”

“ನುಂಗೋದೇನು, ನೀವೇ ಹೊಟ್ಟೆ ಬಿರಿಯೋ ಹಾಗೆ ತುರುಕಿದೀರಿ. ಎಲ್ಲಿ, ಹೊಡೀರಿ ನೋಡೋಣ.”

ಹೊಡೆದ. ಅವಳು ಹಣೆ ಚಚ್ಚಿಕೊಂಡಳು.

“ಅಯ್ಯೋ ಬೈಕೆ! ಹೆಸರಿಟ್ಟಿದ್ದು ನಮ್ಮ ಕಿರ್ಗಿಜ್ ಅಕ್ಷರದಲ್ಲಿ, ಕೇಳ್ತಿರೋದು ಇಂಗ್ಲಿಷ್ ಅಕ್ಷರದಲ್ಲಿ!”

“ನಮ್ಮ ‘ಸೂ’ನೂ ಇಂಗ್ಲಿಷಿನ ಸಿ ವೈ ವೈನೂ ಬರೆದರೆ ಒಂದೇ ಥರ ಕಾಣ್ತಾವಲ್ಲೇ?”

“ನಿಮ್ಮ ಕಣ್ಣಿಗೆ. ಯಂತ್ರಕ್ಕೆ ಅವು ಬೇರೆ ಬೇರೆ.”

ಅವಳು ಅಕ್ಷರ ಬದಲಿಸಿದ್ದೇ ತಡ, ಪರದೆ ತುಂಬ ‘ಸೂ’. ಒಂದು ಓಡುತ್ತಿತ್ತು, ಉಳಿದವು ಕಾಯುತ್ತಿದ್ದವು.

“ಯಾವುದು ಇರಲಿ, ಯಾವುದು ತೆಗೀಲಿ?”

ಅವನು ಪೆಚ್ಚಾದ. ಒಂದೇ ಕಡತವನ್ನು ತಿದ್ದುತ್ತ ಹೋಗಿದ್ದ. ಸರಿಯಾದ ಆಳ ಯಾವ ಸಲ ಕೊಟ್ಟದ್ದೆಂದು ಅವನಿಗೇ ನೆನಪಿರಲಿಲ್ಲ. ಕೊನೆಗೆ ಓಡುತ್ತಿದ್ದುದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆಸಿದ. ಅದು ಸರಿಯಾದದ್ದೋ ಅಲ್ಲವೋ, ಇಂದಿಗೂ ಯಾರಿಗೂ ಗೊತ್ತಿಲ್ಲ.

ಆಮೇಲೆ ಹೊರಗೆ ಬಂದು, ಊರಿನಲ್ಲಿದ್ದ ಸೋದರಮಾವನ ಮಗ ಜೊಲ್ದೊಶ್‌ಗೆ ಫೋನ್ ಮಾಡಿದ.

“ಲೆಕ್ಕ ಮುಗಿದಿಲ್ಲ. ನೀವು ಮೇಲಿನ ದಿಬ್ಬದಲ್ಲೇ ಡೇರೆ ಹಾಕಿ.”

“ಅಷ್ಟು ಎತ್ತರಕ್ಕೆ ನೀರು ಹೊರೋರು ಯಾರು, ನಿನ್ನ ಕಂಪ್ಯೂಟರಾ?”

“ನನ್ನ ಬೈಕೊಂಡೇ ಹೊರಿ ಮಾರಾಯ.”

ಜೊಲ್ದೊಶ್ ಗೊಣಗಿದ, ನಕ್ಕ, ಮತ್ತೆ ಗೊಣಗಿದ. ಆ ಕಡೆಯಿಂದ ‘ಹೂಂ’ ಎಂದು ಬರುವವರೆಗೂ ಸಪರಾಲಿ ಫೋನ್ ಇಡಲಿಲ್ಲ.