ಹಳೇ ಆಯ್ತಾರದ ಪಂದ್ಯ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗೂ ಬಿಸ್ಕತ್ತಿನ ಗೋದಾಮಿಗೂ ನಡುವೆ ಒಂದು ಸಣ್ಣ ಕಾಲೇಜಿದೆ. ಗಾಳಿ ಬೀಸುವ ದಿಕ್ಕಿಗೆ ತಕ್ಕಂತೆ ಅಲ್ಲಿ ಒಮ್ಮೆ ವೆನಿಲ್ಲಾ ವಾಸನೆ, ಒಮ್ಮೆ ಕಾದ ಲೋಹದ ವಾಸನೆ. ಕಟ್ಟಡದ ಹಿಂದೆ ಒಂದು ವಾಲಿಬಾಲ್ ಕೋರ್ಟು. ಸಂಜೆಯಾಗುವಷ್ಟರಲ್ಲಿ ಮರಳಿನ ಸಣ್ಣ ಧೂಳು ಬಂದು ಅದರ ಬಿಳಿ ಗೆರೆಗಳನ್ನು ಅರ್ಧಂಬರ್ಧ ಅಳಿಸಿರುತ್ತದೆ. ದಿನವೂ ನಾಲ್ಕೂವರೆಗೆ ಪೊರಕೆ ಹಿಡಿದು ಆ ಗೆರೆಗಳನ್ನು ಮತ್ತೆ ಕಾಣಿಸುವಂತೆ ಮಾಡುವವರು ಆಗಸ್ಟಿನ್ ಮೊಂತೇರೊ. ಅವರ ಹುದ್ದೆಯ ಹೆಸರು ಕ್ರೀಡಾ ಸಂಯೋಜಕ. ಗುಡಿಸುವುದು ಅವರ ಕೆಲಸವಲ್ಲ. ಆದರೆ ಬೇರೆಯವರು ಗುಡಿಸಿದರೆ ಮೂಲೆಗಳು ಉಳಿದುಬಿಡುತ್ತವೆ ಎಂದು ಅವರ ದೂರು.

ತಮ್ಮ ಊರು ಮೂಡುಬೆಳ್ಳೆಯ ಇಗರ್ಜಿಯ, ಎಂದರೆ ಚರ್ಚಿನ, ಮೈದಾನದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು ಅವರು. ಇಪ್ಪತ್ತೆಂಟರ ವಯಸ್ಸಿಗೆ ದುಬೈಗೆ ಬಂದು ದೇರಾದ ಒಂದು ಹೋಟೆಲಿನ ಉಗ್ರಾಣ ನೋಡಿಕೊಂಡರು. ಆಮೇಲೆ ಈ ಕಾಲೇಜು. ಈಗ ಐವತ್ತನಾಲ್ಕು. ಹೆಂಡತಿ ರೊಸಲಿನ್ ಆಸ್ಪತ್ರೆಯೊಂದರ ನೋಂದಣಿ ಕೌಂಟರಿನಲ್ಲಿದ್ದಾರೆ. ಸತ್ವಾದಲ್ಲಿ, ಟೈಲರ್ ಅಂಗಡಿಗಳ ಹಿಂದಿನ ಓಣಿಯಲ್ಲಿ, ನಾಲ್ಕು ಸಂಸಾರಗಳು ಹಂಚಿಕೊಂಡ ವಿಲ್ಲಾದ ಒಂದು ಕೋಣೆ ಅವರದು. ಆಗಸ್ಟಿನ್ ಮೆಲ್ಲಗೆ ಮಾತಾಡುವವರು. ಕೋರ್ಟಿನ ಬದಿಯಲ್ಲಿ ನಿಂತಾಗ ಮಾತ್ರ ಅವರ ದನಿ ಬಿಸ್ಕತ್ತಿನ ಗೋದಾಮಿನ ಕಾವಲುಗಾರನಿಗೂ ಕೇಳಿಸುತ್ತದೆ.

ಅವರ ಹುಡುಗಿಯರ ತಂಡ ಬಹಳ ವರ್ಷ ಸಣ್ಣ ಲೀಗಿನಲ್ಲಿ ಆಡುತ್ತಿತ್ತು. ದುಬೈ ಮತ್ತು ಶಾರ್ಜಾದ ಆರು ಕಾಲೇಜುಗಳ ಲೀಗು ಅದು. ಎಲ್ಲರಿಗೂ ಎಲ್ಲರ ಪರಿಚಯ. ನೆಟ್ಟು ಹರಿದರೆ ಎದುರಾಳಿಗಳೇ ಹಗ್ಗ ತಂದು ಕಟ್ಟುತ್ತಿದ್ದರು. ನಾಲ್ಕು ವರ್ಷ ಸತತವಾಗಿ ಕಪ್ಪು ಗೆದ್ದ ಮೇಲೆ ಕಾಲೇಜಿನ ನಿರ್ದೇಶಕರಿಗೆ ಆ ಕಪ್ಪು ಸಣ್ಣದಾಗಿ ಕಾಣತೊಡಗಿತು. ತಂಡವನ್ನು ದೊಡ್ಡ ಲೀಗಿಗೆ ಸೇರಿಸಿದರು.

ದೊಡ್ಡ ಲೀಗಿನವರು ಅಬುಧಾಬಿ, ಅಲ್ ಐನ್ ಕಡೆಯ ವಿಶ್ವವಿದ್ಯಾಲಯದವರು. ಅವರಿಗೆ ತಂಪಾದ ಒಳಾಂಗಣ, ಮರದ ನೆಲ, ಕಾಲು ಉಳುಕಿದರೆ ಓಡಿಬರುವ ವೈದ್ಯರು. ಈ ಹುಡುಗಿಯರು ಅದುವರೆಗೆ ಆಕಾಶದ ಕೆಳಗೆ ಆಡಿದವರು. ಚೆಂಡು ಮೇಲಕ್ಕೆ ಹೋದಾಗ ಸೂರ್ಯನನ್ನು ತಪ್ಪಿಸಿ ನೋಡುವುದು ಅವರಿಗೆ ಗೊತ್ತಿತ್ತು. ಸೂರ್ಯನೇ ಇಲ್ಲದ ಚಾವಣಿಯ ಕೆಳಗೆ ಕಣ್ಣು ಎಲ್ಲಿಡುವುದೆಂದು ತಿಳಿಯದೆ ಮೊದಲ ಪಂದ್ಯದಲ್ಲಿ ಮೂರು ಸೆಟ್ಟೂ ಸೋತರು. ಎರಡನೆಯದನ್ನೂ, ಮೂರನೆಯದನ್ನೂ ಸೋತರು.

ಸೋಲಿಗೆ ನಿರ್ದೇಶಕರು ಸಿಟ್ಟಾಗಲಿಲ್ಲ. "ಮೊದಲ ವರ್ಷ ಸೋಲಲಿ ಆಗಸ್ಟಿನ್. ಆದರೆ ಲೀಗಿನಿಂದ ಹೊರಗೆ ಬೀಳಬಾರದು. ಬಿದ್ದರೆ ಈ ತಂಡ ಮುಚ್ಚುತ್ತೇನೆ" ಎಂದಷ್ಟೇ ಹೇಳಿದರು. ಹೊರಗೆ ಬೀಳುವ ದಾರಿ ಒಂದೇ ಇತ್ತು. ಒಂದು ಸೀಸನ್ನಿನಲ್ಲಿ ಎರಡು ಪಂದ್ಯಕ್ಕೆ ಹಾಜರಾಗದಿದ್ದರೆ, ಎಂದರೆ ಎರಡು ಸಲ ವಾಕೋವರ್ ಕೊಟ್ಟರೆ, ತಂಡದ ಹೆಸರು ಹೊಡೆದುಹಾಕುತ್ತಾರೆ. ಸಣ್ಣ ಲೀಗಿನಲ್ಲಿ ಬಿಟ್ಟುಬಂದ ಜಾಗಕ್ಕೆ ಆಗಲೇ ಬೇರೆ ಕಾಲೇಜು ಬಂದಿತ್ತು. ಹಿಂದಕ್ಕೆ ಹೋಗುವಂತಿರಲಿಲ್ಲ.

ನಾಲ್ಕನೆಯ ಪಂದ್ಯಕ್ಕೇ ಒಂದು ವಾಕೋವರ್ ಆಗಿಹೋಯಿತು. ಅಂದು ಸರಿಯಾಗಿ ಆರು ಹುಡುಗಿಯರು ಬಂದಿದ್ದರು. ಅವರಲ್ಲಿ ಚೆಂಡು ಎತ್ತಿಕೊಡುವ ಬ್ರೆಂಡಾ ಲೀಗಿನ ಗುರುತಿನ ಕಾರ್ಡನ್ನು ಶಾರ್ಜಾದ ಮನೆಯಲ್ಲೇ ಮರೆತಿದ್ದಳು. ಕಾರ್ಡಿಲ್ಲದವಳು ಆಡುವಂತಿಲ್ಲ, ಐವರಿಂದ ತಂಡವಾಗುವುದಿಲ್ಲ. ಹೋದ ದಾರಿಯಲ್ಲೇ ಹಿಂದಿರುಗಿದರು. ಮರುದಿನದಿಂದ ಒಂಬತ್ತು ಹುಡುಗಿಯರ ಕಾರ್ಡುಗಳನ್ನೂ ಆಗಸ್ಟಿನ್ ತಮ್ಮ ಹತ್ತಿರವೇ ಇಟ್ಟುಕೊಂಡರು, ಎದೆಯ ಮೇಲೆ ತೂಗುವ ಒಂದು ಕಪ್ಪು ಚೀಲದಲ್ಲಿ.

ಹೀಗೆ ಸೀಸನ್ನಿನ ಕೊನೆಯ ಪಂದ್ಯ ಬಂತು. ಅಬುಧಾಬಿಯಲ್ಲಿ, ಶನಿವಾರ ಸಂಜೆ. ಆ ವಾರದ ಮಂಗಳವಾರ ಲೀಗಿನ ಕಚೇರಿಯಿಂದ ಫೋನು: ಶನಿವಾರ ಒಳಾಂಗಣ ಬೇರೆಯವರಿಗೆ ಬೇಕಂತೆ, ಪಂದ್ಯ ಶುಕ್ರವಾರ ಐದು ಗಂಟೆಗೆ. ಆಗಸ್ಟಿನ್ ಕೂಡಲೇ ಬಸ್ಸಿನ ಶಾನವಾಝ್‌ಗೆ ಫೋನು ಮಾಡಿದರು. ಶಾನವಾಝ್ ಬಂಟ್ವಾಳದ ಕಡೆಯ ಬ್ಯಾರಿ ಮುಸಲ್ಮಾನ. ಕಾರ್ಖಾನೆಯ ಕೆಲಸಗಾರರನ್ನು ಮುಹೈಸ್ನಾದಿಂದ ಕರೆತಂದು ಬಿಡುವ ಬಸ್ಸು ಅವನದು. ರಜೆಯ ದಿನಗಳಲ್ಲಿ ಕಾಲೇಜಿನ ತಂಡವನ್ನು ಕರೆದೊಯ್ಯುತ್ತಾನೆ. ಅವರಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ.

"ಶನಿವಾರ ಅತ್ತ್ ಮಾರಾಯ, ಐತಾರ. ರಡ್ಡ್ ಗಂಟೆಗ್" ಎಂದರು ಆಗಸ್ಟಿನ್. ಶನಿವಾರ ಅಲ್ಲ, ಐತಾರ, ಎರಡು ಗಂಟೆಗೆ ಎಂದರ್ಥ.

"ಆಯ್ತು ಪೊರ್ಬುಗಳೇ" ಎಂದ ಅವನು, ಕ್ರೈಸ್ತರನ್ನು ತುಳುವಿನಲ್ಲಿ ಕರೆಯುವ ಹಾಗೆ.

ಆಗಸ್ಟಿನ್ ಮನೆಮಾತು ಕೊಂಕಣಿಯ ಆಯ್ತಾರ, ತುಳುವಿನ ಐತಾರ, ಎರಡೂ ಭಾನುವಾರವೇ. ಆದರೆ ಆಗಸ್ಟಿನ್ ಬಂದ ಕಾಲದ ದುಬೈಯಲ್ಲಿ ವಾರದ ರಜೆ ಶುಕ್ರವಾರವಿತ್ತು. ಕ್ರೈಸ್ತರು ಪೂಜೆಗೆ ಹೋಗುತ್ತಿದ್ದದ್ದೂ ಶುಕ್ರವಾರ. ಇಸ್ತ್ರಿ ಮಾಡಿದ ಅಂಗಿ, ಇಗರ್ಜಿಯ ಅಂಗಳದಲ್ಲಿ ಊರಿನವರ ಭೇಟಿ, ಮಧ್ಯಾಹ್ನಕ್ಕೆ ಹಂದಿ ಮಾಂಸದ ಸಾರು, ಆಮೇಲಿನ ನಿದ್ದೆ, ಎಲ್ಲವೂ ಅಂದೇ. ಕ್ಯಾಲೆಂಡರು ಏನೇ ಹೇಳಲಿ, ಬಾಯಿ ಅದನ್ನು ಆಯ್ತಾರ ಎಂದು ಕರೆಯಿತು. ಕೆಲವು ವರ್ಷಗಳ ಹಿಂದೆ ಸರಕಾರ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿದಾಗ ಆಗಸ್ಟಿನ್ ಮನೆಯಲ್ಲಿ ವಾರಕ್ಕೆ ಎರಡು ಆಯ್ತಾರಗಳಾದವು. ರೊಸಲಿನ್ ಅವನ್ನು ಪರ್ನೊ ಆಯ್ತಾರ, ನವೊ ಆಯ್ತಾರ ಎಂದು ವಿಂಗಡಿಸಿದರು. ಹಳೇ ಭಾನುವಾರ, ಹೊಸ ಭಾನುವಾರ. ಅವಸರದಲ್ಲಿ ಆಗಸ್ಟಿನ್ ಬಾಯಿಗೆ ಬರುವುದು ಹಳೆಯದೇ. ಆ ಮಂಗಳವಾರವೂ ಅದೇ ಬಂತು.

ಶುಕ್ರವಾರ ಎರಡು ಗಂಟೆಗೆ ಒಂಬತ್ತರಲ್ಲಿ ಎಂಟು ಹುಡುಗಿಯರು ಗೇಟಿನ ನೆರಳಿನಲ್ಲಿ ಸಾಲಾಗಿ ಕುಳಿತಿದ್ದರು. ರಸ್ತೆ ಖಾಲಿ. ಎರಡೂ ಹತ್ತಾಯಿತು. ಶಾನವಾಝ್ ಎಂದೂ ತಡಮಾಡುವವನಲ್ಲ. ಶುಕ್ರವಾರದ ಜುಮ್ಮಾ ನಮಾಜಿಗೆ ಅವನು ಆರಿಸಿಟ್ಟ ಫೋನು ಇನ್ನೂ ಹೊತ್ತಿಕೊಂಡಿರಲಿಲ್ಲ. ಎರಡೂ ಇಪ್ಪತ್ತಕ್ಕೆ ಕರೆ ಸೇರಿತು. ಹಿಂದಿನಿಂದ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ.

"ಎಲ್ಲಿದ್ದೀಯ ಮಾರಾಯ?"

"ಸತ್ವಾದಲ್ಲಿ, ಭಾವನ ಮನೆಯಲ್ಲಿ. ಈಗಷ್ಟೇ ಊಟಕ್ಕೆ ಕೂತದ್ದು. ಯಾಕೆ?"

"ಯಾಕೆ ಅಂದ್ರೆ? ಬಸ್ಸು?"

"ಬಸ್ಸು ಮುಹೈಸ್ನಾದಲ್ಲಿ ಉಂಟು. ಐತಾರ ಅಲ್ವಾ ನೀವು ಹೇಳಿದ್ದು?"

"ಹೌದು, ಐತಾರ. ಇವತ್ತು..." ಆಗಸ್ಟಿನ್ ಅಲ್ಲಿಗೇ ನಿಲ್ಲಿಸಿದರು.

"ಪೊರ್ಬುಗಳೇ, ಇವತ್ತು ಶುಕ್ರವಾರ" ಎಂದ ಶಾನವಾಝ್, ಕಾಯಿಲೆಯವರಿಗೆ ಹೇಳುವಷ್ಟು ಮೆತ್ತಗೆ.

ಮುಹೈಸ್ನಾ ಊರಿನ ಇನ್ನೊಂದು ತುದಿ. ಬಸ್ಸು ತರಿಸಿ ಹೊರಡುವಷ್ಟು ಸಮಯವಿರಲಿಲ್ಲ. ಪಂದ್ಯ ಐದಕ್ಕೆ, ತಂಡಕ್ಕಾಗಿ ಕಾಯುವುದು ಹದಿನೈದು ನಿಮಿಷ ಮಾತ್ರ. ನಾಯಕಿ ನಾಫಿಯಾ ಆಗಲೇ ಚೀಲ ಹೆಗಲಿಗೇರಿಸಿದ್ದಳು. ಎರಡನೇ ವರ್ಷದ ಹುಡುಗಿ. ಇನ್ನೂ ಎರಡು ವರ್ಷದ ಆಟ ಅವಳ ಮುಂದಿತ್ತು.

"ಸರ್, ಮೆಟ್ರೋದಲ್ಲಿ ಇಬ್ನ್ ಬತೂತಾಕ್ಕೆ ಹೋಗುವಾ. ಅಲ್ಲಿಂದ ಅಬುಧಾಬಿಗೆ ಬಸ್ಸುಂಟಲ್ಲ. ನಮ್ಮ ಮಾಮಿ ಪ್ರತಿ ವಾರ ಹೋಗ್ತಾರೆ. ಯಲ್ಲಾ ಸರ್, ಹೊರಡಿ, ಆಮೇಲೆ ಬೇಜಾರು ಮಾಡಿ."

ಇಬ್ನ್ ಬತೂತಾದ ಬಸ್ ನಿಲ್ದಾಣ ಮುಟ್ಟಿದಾಗ ಮೂರು ದಾಟಿತ್ತು. ಅಲ್ಲಿ ಗಂಡಸರ ಸಾಲು ಎರಡು ಸುತ್ತು ಸುತ್ತಿ ಹೊರಗೆ ಬಿಸಿಲಿನವರೆಗೂ ಚಾಚಿತ್ತು. ಹೆಂಗಸರನ್ನು ಮೊದಲು ಹತ್ತಿಸಿ ಮುಂದಿನ ಆಸನಗಳನ್ನು ಕೊಡುತ್ತಿದ್ದರು. ಎಂಟು ಹುಡುಗಿಯರೂ ಒಂದೇ ಬಸ್ಸಿಗೆ ಹತ್ತಿದರು. ಆಗಸ್ಟಿನ್ "ಹೋಗಿ, ಹೋಗಿ, ನಾನು ಹಿಂದಿನ ಬಸ್ಸಿಗೆ ಬರ್ತೇನೆ" ಎಂದು ಕೈಬೀಸಿದರು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಬೀಸಿದ ಕೈಯನ್ನು ಇಳಿಸಿ ಎದೆಯ ಮೇಲಿಟ್ಟಾಗ ಅಂಗೈಗೆ ಕಪ್ಪು ಚೀಲ ತಗುಲಿತು.

ಎಂಟು ಹುಡುಗಿಯರು ಹೋಗಿದ್ದರು. ಅವರ ಕಾರ್ಡುಗಳು ಇಲ್ಲೇ ಉಳಿದಿದ್ದವು.

ಸಾಲಿನಲ್ಲಿ ಅವರ ಮುಂದೆ ಕಡಿಮೆಯೆಂದರೆ ಎಂಬತ್ತು ಜನ. ಮುಂದಿನ ಬಸ್ಸಿನಲ್ಲೂ ಜಾಗ ಸಿಗುವ ಹಾಗಿರಲಿಲ್ಲ. ಟ್ಯಾಕ್ಸಿಯ ಸಾಲು ಇನ್ನೂ ಉದ್ದ. ನಾಫಿಯಾಗೆ ಫೋನು ಮಾಡಿ ಹೇಳಿದಾಗ ಅವಳು, "ಸರ್, ನಾವು ಹೋಗಿ ಬಟ್ಟೆ ಬದಲಾಯಿಸಿ ನಿಂತಿರ್ತೇವೆ. ನೀವು ಬನ್ನಿ" ಎಂದಳು. ಹೇಗೆ ಎಂದು ಅವಳು ಕೇಳಲಿಲ್ಲ.

ಮೂರೂ ನಲವತ್ತಕ್ಕೆ ಫೋನು ಬಡಿದುಕೊಂಡಿತು.

"ಪೊರ್ಬುಗಳೇ, ಎಲ್ಲಿದ್ದೀರಿ? ಕಾಲೇಜಿಗೆ ಹೋದೆ, ಯಾರೂ ಇಲ್ಲ. ವಾಚ್‌ಮ್ಯಾನ್ ಮೆಟ್ರೋ ಅಂದ. ಇಬ್ನ್ ಬತೂತಾದ ಹೊರಗೆ ನಿಂತಿದ್ದೇನೆ, ಭಾವನ ಬಿಳಿ ಕಾರು."

ಆಗಸ್ಟಿನ್ ಓಡಿದರು. ಕೋರ್ಟಿನಲ್ಲಿ ಇತರರನ್ನು ಓಡಿಸುವವರು, ತಾವು ಓಡಿ ಬಹಳ ಕಾಲವಾಗಿತ್ತು. ಕಾರಿನ ಬಾಗಿಲು ಮುಚ್ಚಿ ಸೀಟಿನ ಬೆಲ್ಟು ಎಳೆದುಕೊಂಡರು.

"ಊಟ ಬಿಟ್ಟು ಬಂದೆಯಾ?" ಎಂದರು, ಜೆಬೆಲ್ ಅಲಿ ದಾಟಿದ ಮೇಲೆ.

"ಅರ್ಧ. ಜಮೀಲ ಬೈದಳು." ಜಮೀಲ ಅವನ ಹೆಂಡತಿ. "ಅಲ್ಲ, ನಿಮ್ಮ ಜಾತಿಯವರಿಗೆ ವಾರದಲ್ಲಿ ಎಷ್ಟು ಐತಾರ ಉಂಟು ಅಂತ ಒಂದು ಪಟ್ಟಿ ಬರೆದು ಕೊಡಿ ಮಾರ್ರೆ. ಬಸ್ಸಿನಲ್ಲಿ ಅಂಟಿಸ್ತೇನೆ."

"ಎರಡು" ಎಂದರು ಆಗಸ್ಟಿನ್. "ರೊಸಲಿನ್‌ನ ಹತ್ತಿರ ಕೇಳು."

"ನಮಗೆ ಒಂದೇ ಜುಮ್ಮಾ. ಅದೂ ಇವತ್ತೇ. ಅದಕ್ಕೇ ನನಗೆ ಅನುಮಾನ ಬರ್ಲಿಲ್ಲ. ಜುಮ್ಮಾದ ದಿನ ಎರಡು ಗಂಟೆಗೆ ಈ ಮನುಷ್ಯ ನನ್ನನ್ನು ಕರೀಲಿಕ್ಕಿಲ್ಲ ಅಂತ ಎಣಿಸಿದೆ."

ಆಗಸ್ಟಿನ್ ನಾಚಿದರು. ಅದನ್ನು ತಾವು ಯೋಚಿಸಿಯೇ ಇರಲಿಲ್ಲ. "ತಪ್ಪಾಯ್ತು ಮಾರಾಯ" ಎಂದರು.

"ಬಿಡಿ, ಖಲಾಸ್. ಈಗ ಮಾತಾಡಬೇಡಿ, ಕ್ಯಾಮೆರಾ ಉಂಟು."

"ಮಾತಾಡಿದ್ದಕ್ಕೂ ಕ್ಯಾಮೆರಾ ಹಿಡೀತದಾ?"

"ನೀವು ಮಾತಾಡಿದ್ರೆ ನನ್ನ ಕಾಲು ತನ್ನಷ್ಟಕ್ಕೆ ಒತ್ತುತ್ತದೆ."

ಅಬುಧಾಬಿಯ ಗಡಿ ದಾಟಿದ ಮೇಲೆ ರಸ್ತೆಯ ವೇಗದ ಮಿತಿ ಏರುತ್ತದೆ. ಶಾನವಾಝ್ ಆ ಮಿತಿಯ ಅಂಚಿಗೆ ಕಾರನ್ನು ತಂದು ಅಲ್ಲೇ ಹಿಡಿದುಕೊಂಡ, ತುಂಬಿದ ಲೋಟ ಹಿಡಿದವನ ಹಾಗೆ. ಎರಡೂ ಬದಿ ಮರಳು, ಬೇಲಿ, ಒಣಗಿದ ಗಾಫ್ ಮರಗಳು ಹಿಂದೆ ಸರಿದವು. ಐದಕ್ಕೆ ಐದು ನಿಮಿಷವಿದ್ದಾಗ ನಾಫಿಯಾಳ ಸಂದೇಶ ಬಂತು: ನಾವು ಬಂದೆವು, ಎದುರಿನವರು ಅಭ್ಯಾಸ ಮಾಡುತ್ತಿದ್ದಾರೆ. ಐದಕ್ಕೆ: ರೆಫ್ರಿ ಕಾರ್ಡು ಕೇಳಿದರು. ಐದೂ ನಾಲ್ಕಕ್ಕೆ: ಗಡಿಯಾರ ನೋಡುತ್ತಿದ್ದಾರೆ. ಆಮೇಲೆ ಸಂದೇಶ ಬರಲಿಲ್ಲ.

ಐದೂ ಹನ್ನೊಂದಕ್ಕೆ ಆಗಸ್ಟಿನ್ ಒಳಾಂಗಣದ ಬಾಗಿಲು ತಳ್ಳಿದರು. ಎಂಟು ಹುಡುಗಿಯರು ತಮ್ಮ ಅಂಕಣದೊಳಗೆ, ಗೆರೆಯ ಮೇಲೆ, ಪಂದ್ಯ ಶುರುವಾಗುವ ಮೊದಲು ನಿಲ್ಲುವ ಹಾಗೆಯೇ ಸಾಲಾಗಿ ನಿಂತಿದ್ದರು. ಒಬ್ಬಳೂ ಕೂತಿರಲಿಲ್ಲ. ತಲೆಗೆ ಬಿಳಿ ವಸ್ತ್ರ ಸುತ್ತಿದ್ದ ರೆಫ್ರಿ ಹೆಂಗಸು ಪೆನ್ನಿನ ಮುಚ್ಚಳ ತೆಗೆದಿದ್ದರು. ಆಗಸ್ಟಿನ್ ಚೀಲವನ್ನೇ ಕುತ್ತಿಗೆಯಿಂದ ಕಳಚಿ ಅವರ ಮೇಜಿನ ಮೇಲಿಟ್ಟರು. ಅವರು ಕಾರ್ಡುಗಳನ್ನು ಒಂದೊಂದಾಗಿ ಮುಖಕ್ಕೆ ಹೊಂದಿಸಿ ನೋಡಿದರು. ಬ್ರೆಂಡಾಳ ಕಾರ್ಡಿಗೆ ಬಂದಾಗ ಬ್ರೆಂಡಾ ಉಸಿರು ಬಿಗಿಹಿಡಿದದ್ದು ಎಲ್ಲರಿಗೂ ಕಾಣಿಸಿತು. ಎಂಟೂ ಸರಿಯಿದ್ದವು. ರೆಫ್ರಿ ತಲೆಯೆತ್ತಿ, "ಯಲ್ಲಾ" ಎಂದು ಸೀಟಿ ಊದಿದರು.

ಮೊದಲ ಸೆಟ್ಟು ಹನ್ನೆರಡಕ್ಕೆ ಇಪ್ಪತ್ತೈದರಲ್ಲಿ ಹೋಯಿತು. ಎರಡನೆಯದು ಹದಿನೈದಕ್ಕೆ. ಮೂರನೆಯದರಲ್ಲಿ ಬ್ರೆಂಡಾಳ ಕೈ ಸರಿಹೋಯಿತು. ಅವಳು ಎತ್ತಿಕೊಟ್ಟ ಚೆಂಡನ್ನು ನಾಫಿಯಾ ಮೂರು ಸಲ ನೆಟ್ಟಿನಾಚೆಯ ಬರಿನೆಲಕ್ಕೆ ಬಡಿದಳು. ಇಪ್ಪತ್ತೊಂದರವರೆಗೆ ಜೊತೆಜೊತೆಯಾಗಿ ಹೋಗಿ, ಅಲ್ಲಿ ಕೈಬಿಟ್ಟು, ಅದನ್ನೂ ಸೋತರು. ಕಾರು ನಿಲ್ಲಿಸಿ ಬಂದ ಶಾನವಾಝ್ ಮೇಲಿನ ಮೆಟ್ಟಿಲಲ್ಲಿ ಕೂತು, ಯಾರ ಪಾಯಿಂಟೆಂದು ನೋಡದೆ ಎಲ್ಲದಕ್ಕೂ ಚಪ್ಪಾಳೆ ತಟ್ಟುತ್ತಿದ್ದ.

ಪಂದ್ಯದ ಹಾಳೆಗೆ ಸಹಿ ಹಾಕುವ ಮೊದಲು ಆಗಸ್ಟಿನ್ ಅದನ್ನು ನಿಧಾನವಾಗಿ ಓದಿದರು. ಹನ್ನೆರಡು, ಹದಿನೈದು, ಇಪ್ಪತ್ತೊಂದು. ಮೂರೂ ಮನೆಯಲ್ಲಿ ಅಂಕಿಗಳಿದ್ದವು, ವಾಕೋವರ್ ಎಂಬ ಪದ ಎಲ್ಲೂ ಇರಲಿಲ್ಲ. ಸಹಿ ಹಾಕಿ ನಿರ್ದೇಶಕರಿಗೆ ಫೋನು ಮಾಡಿದರು.

"ಸೋತೆವು ಸರ್. ಮೂರು ಸೆಟ್ಟೂ."

"ಪೂರ್ತಿ ಆಡಿದಿರಾ?"

"ಪೂರ್ತಿ ಆಡಿದೆವು."

ಆ ಕಡೆ ಕಾಗದ ಮಗುಚಿದ ಸದ್ದು. "ಹಾಗಾದರೆ ಮುಂದಿನ ವರ್ಷದ ನೋಂದಣಿ ಅರ್ಜಿ ಸೋಮವಾರ ನನ್ನ ಮೇಜಿನ ಮೇಲಿರಲಿ. ಹುಡುಗಿಯರಿಗೆ ಏನಾದರೂ ತಿನ್ನಲು ಕೊಡಿಸಿ."

ಆಗಸ್ಟಿನ್ ಬೆಂಚಿನ ಮೇಲೆ ಕುಳಿತರು. ಮಧ್ಯಾಹ್ನದಿಂದ ಒಂದು ಹನಿ ನೀರೂ ಕುಡಿದಿಲ್ಲವೆಂಬುದು ಆಗ ನೆನಪಾಯಿತು. ನಾಫಿಯಾ ತನ್ನ ಬಾಟಲಿ ಕೊಟ್ಟಳು. ಅವರು ಇಡೀ ಬಾಟಲಿ ಖಾಲಿ ಮಾಡಿದರು. ತಣ್ಣನೆಯ ನೀರು ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯುವುದು ಅವರಿಗೆ ಗೊತ್ತಾಗುತ್ತಿತ್ತು. ಬೆವರಿದ ಮುಖದಲ್ಲಿ ನಗು ತಾನಾಗಿ ಅಗಲವಾಗುತ್ತ ಹೋಯಿತು.

"ಸರ್, ನಾವು ಸೋತದ್ದು" ಎಂದಳು ನಾಫಿಯಾ.

"ಗೊತ್ತುಂಟು."

"ಮತ್ತೆ ಹೀಗೆ ನಗ್ತಾ ಕೂತರೆ? ಅವರ ಕೋಚ್ ನಿಮ್ಮನ್ನೇ ನೋಡ್ತಾ ಇದ್ದಾರೆ. ತಾವೇ ಸೋತೆವೇನೋ ಅಂತ ಅವರಿಗೆ ಡೌಟ್ ಬಂದಿದೆ."