ತೊಂಬತ್ತಮ್ಮನ ಚಾಕು

ನನ್ನ ಅತ್ತೆ ನನಗೆ ಎಂದೂ ಬೈದವರಲ್ಲ. ಅಳಿಯನಿಗೆ ಬೈಯಬಾರದು ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ, ಆ ನಿಯಮವನ್ನು ಹನ್ನೊಂದು ವರ್ಷ ಚಾಚೂ ತಪ್ಪದೆ ಪಾಲಿಸಿದ್ದರು. ನಾನು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ ಬೈಗುಳ ಹಾಸಿಗೆಗೆ. ಬಾಗಿಲನ್ನು ದಡಾರನೆ ಹಾಕಿದರೆ ಬಾಗಿಲಿಗೆ. ಕೈಗೆ ಏನೂ ಸಿಗದಿದ್ದರೆ ಮಗಳಿಗೆ, ಅಂದರೆ ನನ್ನ ಹೆಂಡತಿಗೆ. ಅವಳು ಅದನ್ನು ಬಡ್ಡಿ ಸಮೇತ ನನಗೆ ತಲುಪಿಸುತ್ತಿದ್ದಳು.

ಅತ್ತೆಗೆ ಕೆಲಸ ಊರಾಚೆಯ ನರ್ಸರಿಯಲ್ಲಿ. ಕಿತ್ತಳೆ ಗಿಡಗಳಿಗೆ ಕಸಿ ಕಟ್ಟುವುದು. ಒಳ್ಳೆಯ ಮರದ ಕಡ್ಡಿಯಿಂದ ಒಂದು ಚಿಕ್ಕ ಮೊಗ್ಗನ್ನು ತೊಗಟೆ ಸಮೇತ ಚಾಕುವಿನಿಂದ ಎತ್ತಬೇಕು. ಅದಕ್ಕೆ ಅವರು ಕಣ್ಣು ಎನ್ನುತ್ತಾರೆ. ಗಟ್ಟಿ ಬೇರಿನ ಒರಟು ಸಸಿಯೊಂದರ ತೊಗಟೆ ಸೀಳಿ, ಆ ಕಣ್ಣನ್ನು ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಅತ್ತೆಗೆ ಇದು ಒಂದು ನಿಮಿಷದ ಕೆಲಸ, ನನ್ನಂಥವನಿಗೆ ಒಂದು ಜನ್ಮದ್ದು. ಬೇರೆಯವರು ನೂರು ಕಟ್ಟಿದರೆ ಅರವತ್ತೋ ಎಪ್ಪತ್ತೋ ಹಿಡಿಯುತ್ತಿದ್ದವು. ಅತ್ತೆ ಕಟ್ಟಿದರೆ ತೊಂಬತ್ತು. ಹಾಗಾಗಿ ನರ್ಸರಿಯವರೆಲ್ಲ ಅವರನ್ನು ತೊಂಬತ್ತಮ್ಮ ಎಂದೇ ಕರೆಯುತ್ತಿದ್ದರು. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಈ ತೊಂಬತ್ತು ಸುಮ್ಮನೆ ಬಂದದ್ದಲ್ಲ. ಮಾವ ತೀರಿಕೊಂಡಾಗ ಅತ್ತೆಗೆ ಇಪ್ಪತ್ತಾರು ವರ್ಷ, ಎರಡು ಹೆಣ್ಣುಮಕ್ಕಳು. ನರ್ಸರಿಯಲ್ಲಿ ಸಿಕ್ಕಿದ ಕೆಲಸ ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವುದು. ಏಳು ವರ್ಷ ಮಣ್ಣು ತುಂಬಿದರು. ಮಧ್ಯಾಹ್ನ ಉಳಿದವರು ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ, ಇವರು ಬಿಸಾಡಿದ ಕಡ್ಡಿಗಳನ್ನು ಆರಿಸಿಕೊಂಡು ಮುರಿದ ಬ್ಲೇಡಿನಿಂದ ಕಣ್ಣು ಎತ್ತುವುದನ್ನು ಕಲಿತರು. ಕಸಿ ಕಟ್ಟುವ ಹಳೆಯ ಮಾಲಿ ಇದನ್ನು ನೋಡಿಯೂ ನೋಡದಂತೆ ಇದ್ದನಂತೆ. ನಿವೃತ್ತನಾದ ದಿನ ಅವನು ತನ್ನ ಇಬ್ಬರು ಶಿಷ್ಯರನ್ನು ಬಿಟ್ಟು, ಚೀಲ ತುಂಬುತ್ತಿದ್ದ ಇವರ ಹತ್ತಿರ ಬಂದು ಜೇಬಿನಿಂದ ಚಾಕು ತೆಗೆದು ಕೊಟ್ಟ. ಶಿಷ್ಯರು ಆರು ತಿಂಗಳು ಇವರ ಜೊತೆ ಮಾತಾಡಲಿಲ್ಲ.

ಮಡಚುವ ಚಾಕು ಅದು. ಕರಿಮರದ ಹಿಡಿ, ಮೂರು ಹಿತ್ತಾಳೆ ಮೊಳೆ, ಬೆರಳುದ್ದದ ನೇರ ಅಲಗು. ಅತ್ತೆ ಅದನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು. ಸಂಜೆ ಬಂದು ಕೈಕಾಲು ತೊಳೆದ ಮೇಲೆ ಸಾಣೆಕಲ್ಲಿನ ಮೇಲೆ ಒಂದು ಹತ್ತು ಸಲ ಎಳೆದು, ಒರೆಸಿ ಮಡಚುತ್ತಿದ್ದರು. ಮನೆಯಲ್ಲಿ ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ನನ್ನ ಹೆಂಡತಿ ಅದರಲ್ಲಿ ದಾರ ಕತ್ತರಿಸಿ ಒಂದು ವಾರ ಕೇಳಬಾರದ್ದನ್ನೆಲ್ಲ ಕೇಳಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅದನ್ನು ತೆಗೆದುಕೊಂಡೆ.

ನಾನು ಎಲೆಕ್ಟ್ರಿಷಿಯನ್. ಊರವರ ಮನೆಗೆಲ್ಲ ಬೆಳಕು ಕೊಡುವವನ ಮನೆಯಲ್ಲಿ ಅಡುಗೆಮನೆಯ ಸ್ವಿಚ್ ಬೋರ್ಡ್ ಎರಡು ವರ್ಷದಿಂದ ನೇತಾಡುತ್ತಿತ್ತು. ಅತ್ತೆ ಹಿರಿಮಗಳ ಮನೆಗೆಂದು ಎರಡು ದಿನ ಹೋದಾಗ, ಅವರು ಬರುವುದರೊಳಗೆ ಸರಿಮಾಡಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದು ಹೊರಟೆ. ನನ್ನ ಚಾಕುವನ್ನು ಯಾರದೋ ಮನೆಯ ಅಟ್ಟದಲ್ಲಿ ಮರೆತು ಬಂದಿದ್ದೆ. ಪ್ರಯಾಣದಲ್ಲಿ ಕಳೆದೀತು ಎಂದು ಅತ್ತೆ ತಮ್ಮದನ್ನು ಬೀರುವಿನಲ್ಲಿ, ಮಡಿಸಿದ ಬಟ್ಟೆಯ ಕೆಳಗೆ ಇಟ್ಟು ಹೋಗಿದ್ದರು. ಎರಡು ನಿಮಿಷದ ಕೆಲಸ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ದಪ್ಪ ಕೇಬಲ್ಲಿನ ರಬ್ಬರು ಸುಲಿದೆ. ಗೋಡೆಯ ಪೆಟ್ಟಿಗೆಯಲ್ಲಿ ಸಿಮೆಂಟ್ ಗಟ್ಟಿಯಾಗಿ ಕೂತಿತ್ತು, ಅದನ್ನೂ ಅದರಲ್ಲೇ ಕೆರೆದೆ. ಬೋರ್ಡ್ ಚೆನ್ನಾಗಿ ಕೂತಿತು. ಚಾಕುವನ್ನು ಕಾಗದಕ್ಕೆ ಹಿಡಿದರೆ ಕಾಗದ ಹರಿಯಿತೇ ಹೊರತು ಕತ್ತರಿಸಲಿಲ್ಲ.

ಮಾರ್ಕೆಟ್ಟಿನ ಮೂಲೆಯಲ್ಲಿ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ನಿಲ್ಲುವವನ ಹತ್ತಿರ ಓಡಿದೆ. ಅವನು ಚಾಕುವನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಎರಡೂ ಕಡೆ ಹಿಡಿಯಬೇಕಾ ಎಂದು ಕೇಳಿದ. ಪಾಪ, ಅವನಿಗೇ ಏನೋ ಅನುಮಾನ ಬಂದಿತ್ತು. ನಾನು ಹುಟ್ಟಿದಾಗಿನಿಂದ ಚಾಕು ಮಾಡಿಕೊಂಡೇ ಬಂದವನ ಹಾಗೆ, ಎರಡೂ ಕಡೆ ಚೆನ್ನಾಗಿ ಹಿಡಿ ಎಂದೆ. ಕಿಡಿ ಹಾರಿದವು. ಕೈಯ ಕೂದಲಿಗೆ ತಾಗಿಸಿದರೆ ಕೂದಲು ಉದುರಿತು. ಮನೆಗೆ ಬಂದು ಬಟ್ಟೆಯ ಕೆಳಗೆ ಮೊದಲಿದ್ದ ಹಾಗೆಯೇ ಇಟ್ಟೆ. ಅತ್ತೆ ಬಂದು ಬೋರ್ಡ್ ನೋಡಿ ಬಹಳ ಸಂತೋಷಪಟ್ಟರು.

ಕಸಿ ಹಿಡಿಯಿತೋ ಇಲ್ಲವೋ ತಿಳಿಯಲು ಮೂರು ವಾರ ಬೇಕು. ಕಣ್ಣು ಎತ್ತುವಾಗ ಅದರ ಪಕ್ಕದ ಎಲೆಯನ್ನು ಕತ್ತರಿಸಿ ತೊಟ್ಟನ್ನು ಮಾತ್ರ ಬಿಟ್ಟಿರುತ್ತಾರೆ. ಮೂರು ವಾರ ಕಳೆದು ಆ ತೊಟ್ಟನ್ನು ಬೆರಳ ತುದಿಯಿಂದ ಮುಟ್ಟಿದಾಗ ತಟಕ್ಕನೆ ಉದುರಿದರೆ ಕಣ್ಣು ಜೀವಂತ. ಒಣಗಿ ಅಂಟಿಕೊಂಡಿದ್ದರೆ ಒಳಗಿನ ಕಣ್ಣೂ ಒಣಗಿದೆ ಎಂದರ್ಥ. ಮೂರು ವಾರದ ಮೇಲೆ ಅತ್ತೆ ಮುಟ್ಟಿದ ನೂರು ಸಸಿಗಳಲ್ಲಿ ಉದುರಿದ್ದು ಮೂವತ್ತನಾಲ್ಕು. ಮರುವಾರದ ನೂರರಲ್ಲಿ ಇಪ್ಪತ್ತೊಂಬತ್ತು.

ಈ ಲೆಕ್ಕ ನನಗೆ ನರ್ಸರಿಯವರಿಂದ ತಿಳಿಯಿತೇ ಹೊರತು ಅತ್ತೆ ಮನೆಯಲ್ಲಿ ಹೇಳಲಿಲ್ಲ. ಊಟಕ್ಕೆ ಕೂತಾಗ ಬಲಗೈಯನ್ನು ಮುಂದೆ ಚಾಚಿ ನಡುಗುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಕನ್ನಡಕದ ಅಂಗಡಿಗೆ ಎರಡು ಸಲ ಹೋಗಿ ಬಂದರು. ಹಾಸಿಗೆ, ಬಾಗಿಲು, ಮಗಳು ಎಲ್ಲರೂ ಬೈಗುಳವಿಲ್ಲದೆ ಆರಾಮಾಗಿದ್ದರು. ಎಲ್ಲ ಬೈಗುಳ ಆ ಕೈಗೆ ಬೀಳುತ್ತಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಚಾಕುವಿನ ಮೇಲೆ ಅವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಮಗಳ ಆ ದಾರದ ಪ್ರಸಂಗ ಬಿಟ್ಟರೆ ಇಪ್ಪತ್ತು ವರ್ಷದಿಂದ ಅದು ಇನ್ನೊಬ್ಬರ ಕೈಗೆ ಹೋದದ್ದೇ ಇಲ್ಲ ಎಂದು ಅವರು ನಂಬಿದ್ದರು. ಜಾರುತ್ತಿರುವುದು ತಮ್ಮ ಮಣಿಕಟ್ಟು, ಮಂಜಾಗುತ್ತಿರುವುದು ತಮ್ಮ ಕಣ್ಣು ಎಂದುಕೊಂಡರು.

ಒಂದು ಸಂಜೆ ಕೆಲಸದಿಂದ ಬಂದಾಗ ತಾಯಿ ಮಗಳು ಅಡುಗೆಮನೆಯಲ್ಲಿ ಕೂತಿದ್ದರು. ನರ್ಸರಿಯ ಮ್ಯಾನೇಜರ್ ಒಳ್ಳೆಯ ಮನುಷ್ಯ, ಒಳ್ಳೆಯ ಮಾತಿನಲ್ಲೇ ಹೇಳಿದ್ದನಂತೆ: ವಯಸ್ಸಾಯಿತು, ಇನ್ನು ಕಸಿಯ ತಾಪತ್ರಯ ಬೇಡ, ನೆರಳಲ್ಲಿ ಕೂತು ಚೀಲ ತುಂಬಿಕೊಂಡಿರಿ. ಅತ್ತೆ ಅಳುತ್ತಿರಲಿಲ್ಲ. ಬಂದ ಜಾಗಕ್ಕೇ ವಾಪಸ್ ಹೋಗುವ ಬದಲು ಕೆಲಸವನ್ನೇ ಬಿಟ್ಟುಬಿಡುತ್ತೇನೆ, ನಾಳೆ ಹೇಳಿ ಬರುತ್ತೇನೆ ಎಂದು ಮಗಳಿಗೆ ಹೇಳುತ್ತಿದ್ದರು.

ನಾನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತೆ. ಎರಡು ವಾರದಿಂದ, ಚಾಕುವಿಗೂ ಇದಕ್ಕೂ ಸಂಬಂಧವಿಲ್ಲ, ಮೊದಲಿಗಿಂತ ಹರಿತ ಮಾಡಿಸಿದ್ದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೇಡಿತನ, ಬೇರೇನಲ್ಲ. ಆವತ್ತು ಬಾಯಿ ತೆರೆಯದಿದ್ದರೆ ಇನ್ನೆಂದೂ ತೆರೆಯಲಾಗದು ಅನ್ನಿಸಿತು.

"ಅತ್ತೆ, ನೀವು ಊರಿಗೆ ಹೋಗಿದ್ದಾಗ ನಿಮ್ಮ ಚಾಕು ತಗೊಂಡಿದ್ದೆ," ಎಂದೆ. "ವೈರ್ ಸುಲಿದೆ, ಸಿಮೆಂಟ್ ಕೆರೆದೆ. ಮೊಂಡಾಯ್ತು. ಆಮೇಲೆ ಸಾಣೆ ಹಿಡಿಸಿ ಇಟ್ಟೆ."

"ಎಲ್ಲಿ ಹಿಡಿಸಿದ್ರಿ?"

"ಮಾರ್ಕೆಟ್ಟಲ್ಲಿ, ಚಕ್ರದಲ್ಲಿ. ಎರಡೂ ಕಡೆ."

"ಎರಡೂ ಕಡೆನಾ?"

ಅತ್ತೆ ಎದ್ದು ಗೋಡೆಯ ಕನ್ನಡಿಯನ್ನು ಇಳಿಸಿ ಮೇಜಿನ ಅಂಚಿನಲ್ಲಿ ಮಲಗಿಸಿದರು. ಸೊಂಟದ ಚೀಲದಿಂದ ಚಾಕು ತೆಗೆದು ಬಿಚ್ಚಿದರು. ಹಿಡಿ ಹೊರಗಿರುವಂತೆ ಅಲಗಿನ ಒಂದು ಮೈಯನ್ನು ಕನ್ನಡಿಯ ಮೇಲಿಟ್ಟು, ಅದರ ಹರಿತದ ಅಂಚಿನ ಕಡೆಗೆ ಬೆರಳಿಂದ ಒತ್ತಿದರು. ಅಲಗು ಟಕ್ಕೆಂದು ಅಲುಗಿತು. ಮತ್ತೆ ಒತ್ತಿದರು, ಮತ್ತೆ ಅಲುಗಿತು. ಕಸಿಚಾಕುವಿಗೆ ಇಳಿಜಾರು ಒಂದೇ ಕಡೆ ಇರುತ್ತದೆ, ಇನ್ನೊಂದು ಮೈ ಪೂರ್ತಿ ಚಪ್ಪಟೆ ಇರಬೇಕು ಎಂದು ನನಗೆ ಗೊತ್ತಾದದ್ದು ಆಗಲೇ. ಎರಡೂ ಕಡೆ ಇಳಿಜಾರಾದರೆ ಕಣ್ಣಿನ ಹಿಂಬದಿ ಸಮನಾಗಿ ಬರದೆ ಗುಳಿ ಬೀಳುತ್ತದೆ, ಆ ಗುಳಿಯಲ್ಲಿ ಗಾಳಿ ನಿಂತು ಕಣ್ಣು ಒಣಗುತ್ತದೆ. ಅತ್ತೆ ದಿನಾ ಸಂಜೆ ಮಸೆಯುತ್ತಿದ್ದದ್ದು ಇಳಿಜಾರಿನ ಕಡೆ ಮಾತ್ರ. ಚಪ್ಪಟೆ ಮೈಯನ್ನು ತಿರುಗಿಸಿ ನೋಡುವ ಅಗತ್ಯ ಇಪ್ಪತ್ತು ವರ್ಷದಲ್ಲಿ ಬಂದಿರಲಿಲ್ಲ.

ಅವರು ನನ್ನ ಕಡೆ ತಿರುಗಿದರು. "ಕೇಳೋಕೆ ಬಾಯಿ ಇರಲಿಲ್ವಾ ನಿಮಗೆ? ಹೋಗಲಿ, ಹೇಳೋಕೂ ಇರಲಿಲ್ವಾ? ಇಷ್ಟು ದಿನ ಎದುರಿಗೆ ಕೂತು ಊಟ ಮಾಡಿದ್ರಲ್ಲ, ನನ್ನ ಮುಖ ಕಾಣಲಿಲ್ವಾ?" ಆಮೇಲೆ ಐದು ನಿಮಿಷ ಏನೇನು ಬೈದರೋ ಎಲ್ಲವನ್ನೂ ನಾನು ತಲೆ ತಗ್ಗಿಸಿ ತೆಗೆದುಕೊಂಡೆ. ಹನ್ನೊಂದು ವರ್ಷದ ಬಾಕಿಯೆಲ್ಲ ಅವತ್ತೇ ಚುಕ್ತಾ ಆಯಿತು. ನನ್ನ ಹೆಂಡತಿ ಹಿಟ್ಟಿನ ಡಬ್ಬದ ಹಿಂದೆ ಮುಖ ಮರೆಮಾಡಿಕೊಂಡು ನಗುತ್ತಿದ್ದಳು. ನನಗೆ ನಾಚಿಕೆಯಾಯಿತು, ಆದರೆ ಅತ್ತೆಯ ದನಿಯಲ್ಲಿ ಎರಡು ವಾರದಿಂದ ಇಲ್ಲದಿದ್ದ ಕಸುವು ಕೇಳಿ ಸಮಾಧಾನವೂ ಆಯಿತು.

ಅಲಗನ್ನು ಸರಿಮಾಡುವ ಕೆಲಸ ನನ್ನದೇ ಎಂದು ತೀರ್ಮಾನವಾಯಿತು. ಸಾಣೆಕಲ್ಲಿಗೆ ನೀರು ಹಾಕಿ, ಚಪ್ಪಟೆ ಮೈಯನ್ನು ಪೂರ್ತಿ ಮಲಗಿಸಿ, ಎರಡು ಬೆರಳಿಂದ ಒತ್ತಿ ಎಳೆಯಬೇಕು. ಒಂದು ಕೂದಲೆಳೆಯಷ್ಟು ಎತ್ತಿದರೂ ಮತ್ತೆ ಇಳಿಜಾರು. ಅತ್ತೆ ಪಕ್ಕದಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದರು, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಎತ್ತಿದ್ರಿ, ಎನ್ನುತ್ತಿದ್ದರು. ಕಲ್ಲಿನ ಸದ್ದು ಬದಲಾದರೆ ಅವರಿಗೆ ಗೊತ್ತಾಗುತ್ತಿತ್ತು. ಮೊದಲ ದಿನ ಎರಡು ಗಂಟೆ ಉಜ್ಜಿ ಬೆರಳ ಚರ್ಮ ಹೋಯಿತು, ಅಲಗು ಮಾತ್ರ ಅಲುಗುತ್ತಲೇ ಇತ್ತು.

ಎರಡನೆಯ ದಿನ ನನ್ನ ಕಸುಬಿನ ತಲೆ ಓಡಿತು. ವೈರುಗಳಿಗೆ ಗುರುತು ಹಾಕುವ ಕಪ್ಪು ಮಾರ್ಕರ್ ತಂದು ಚಪ್ಪಟೆ ಮೈಗೆಲ್ಲ ಬಳಿದೆ. ಕಲ್ಲು ತಾಗಿದಲ್ಲಿ ಕಪ್ಪು ಅಳಿಯುತ್ತಿತ್ತು, ತಾಗದಲ್ಲಿ ಉಳಿಯುತ್ತಿತ್ತು. ಅಂಚಿನುದ್ದಕ್ಕೂ ಒಂದು ಕಪ್ಪು ಗೆರೆ ಉಳಿಯಿತು, ಚಕ್ರ ತಿಂದ ಜಾಗ ಅದು. ಅತ್ತೆ ಕಾಳು ಬಿಟ್ಟು ಎದ್ದು ಬಂದು ಅದನ್ನು ಬಹಳ ಹೊತ್ತು ನೋಡಿ, ಮಾಲಿಗೂ ಇದು ಹೊಳೆದಿರಲಿಲ್ಲ ಎಂದರು. ಅಂಥ ಹೊಗಳಿಕೆ ಅವರಿಂದ ನನಗೆ ಅದೇ ಮೊದಲು. ಮೂರನೆಯ ದಿನ ಗೆರೆ ನೂಲಿನಷ್ಟಾಯಿತು, ನಾಲ್ಕನೆಯ ದಿನ ಪೂರ್ತಿ ಅಳಿಯಿತು. ಕನ್ನಡಿಯ ಮೇಲೆ ಒತ್ತಿದರೆ ಚಾಕು ಮಿಸುಕಲಿಲ್ಲ. ಇಳಿಜಾರಿನ ಕಡೆಯನ್ನು ಅತ್ತೆ ತಾವೇ ಮಸೆದು, ನನ್ನ ಹಳೆಯ ಬೆಲ್ಟಿನ ಮೇಲೆ ನಾಲ್ಕು ಸಲ ಎಳೆದರು. ಕಡ್ಡಿಯೊಂದನ್ನು ಓರೆಯಾಗಿ ಕತ್ತರಿಸಿ, ಎರಡು ತುಂಡುಗಳನ್ನು ಮತ್ತೆ ಜೋಡಿಸಿ ಬೆಳಕಿಗೆ ಹಿಡಿದರು. ನಡುವೆ ಬೆಳಕು ತೂರಲಿಲ್ಲ. ಅಲಗು ಮೊದಲಿಗಿಂತ ತುಸು ಸಣ್ಣದಾಗಿತ್ತು. ಆದರೂ ಅತ್ತೆಯ ಮುಖ ನಿರಾಳವಾಗಿರಲಿಲ್ಲ. "ಚಾಕು ಸರಿಹೋಯ್ತು. ಕೈಯೂ ಸರಿ ಇದೆಯಾ ಅಂತ ಕಟ್ಟಿ ನೋಡಿದ್ರೇನೆ ಗೊತ್ತಾಗೋದು," ಎಂದರು.

ತೊಗಟೆ ಸಲೀಸಾಗಿ ಬಿಚ್ಚಿಕೊಳ್ಳುವ ಕಾಲ ಇನ್ನು ಹತ್ತು ದಿನವಷ್ಟೇ ಉಳಿದಿತ್ತು. ಅತ್ತೆ ಮ್ಯಾನೇಜರ್ ಹತ್ತಿರ ಇನ್ನೊಂದೇ ನೂರು ಸಸಿ ಕೇಳಿದರು. ಅಳಿಯನ ಹೆಸರು ಹೇಳದೆ, ಚಾಕು ಕೆಟ್ಟಿತ್ತು ಎಂದಷ್ಟೇ ಹೇಳಿದರಂತೆ. ಅವನು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ, ಅವು ಹಿಡಿದವೋ ಇಲ್ಲವೋ ತಿಳಿಯುವವರೆಗೆ ಚೀಲ ತುಂಬಿ ಎಂದ. ಎರಡು ದಿನದಲ್ಲಿ ನೂರು ಕಟ್ಟಿದರು. ಉಳಿದ ಹತ್ತೊಂಬತ್ತು ದಿನ ಮರುಮಾತಿಲ್ಲದೆ ಮಣ್ಣು ತುಂಬಿದರು.

ಇಪ್ಪತ್ತೆರಡನೆಯ ದಿನ ನಾನು ಕೆಲಸಕ್ಕೆ ರಜೆ ಹಾಕಿ ಅವರ ಜೊತೆ ಹೋದೆ. ಹಸಿರು ಬಲೆಯ ಚಪ್ಪರದ ಕೆಳಗೆ ಸಸಿಗಳು ಹತ್ತು ಸಾಲಾಗಿ ನಿಂತಿದ್ದವು. ಮ್ಯಾನೇಜರ್ ಕೈಕಟ್ಟಿ ನಿಂತಿದ್ದ, ಸುತ್ತಲಿನವರು ಕೆಲಸ ಮಾಡುವಂತೆ ನಟಿಸುತ್ತಿದ್ದರು. ಅತ್ತೆ ಮೊದಲ ಸಸಿಯ ಮುಂದೆ ಕೂತರು. ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡು ನನ್ನ ಕಡೆ ತಿರುಗಿ, ನೀವೇ ಮುಟ್ಟಿ ಎಂದರು. ಬೆರಳ ತುದಿಯನ್ನು ತೊಟ್ಟಿಗೆ ತಾಗಿಸಿದೆ, ಅಷ್ಟೇ. ಅದು ಉದುರಿ ಚೀಲದ ಮಣ್ಣಿನ ಮೇಲೆ ಬಿತ್ತು.

ಎರಡನೆಯದನ್ನು ಅತ್ತೆ ಮುಟ್ಟಿದರು. ಮೂರನೆಯದು, ನಾಲ್ಕನೆಯದು. ಆರನೆಯದು ಒಣಗಿ ಅಂಟಿಕೊಂಡಿತ್ತು, ಅವರ ಕೈ ಅಲ್ಲಿ ಒಂದು ಕ್ಷಣ ನಿಂತಿತು. ಮುಂದಿನ ಒಂಬತ್ತೂ ಉದುರಿದವು. ಸಾಲುಗಳು ಮುಗಿಯುತ್ತ ಬಂದಂತೆ ಅವರು ಕೂತಲ್ಲೇ ವೇಗವಾಗಿ ಸರಿಯತೊಡಗಿದರು. ಕೊನೆಗೆ ಮ್ಯಾನೇಜರ್ ತಾನೇ ಎಣಿಸಿ ಎಂಬತ್ತೆಂಟು ಎಂದ. ಚೀಲ ತುಂಬುವುದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಎಂದೂ ಹೇಳಿ ಹೋದ. ತೊಂಬತ್ತಕ್ಕೆ ಎರಡು ಕಡಿಮೆ ಎಂದು ಯಾರೋ ಹಿಂದಿನಿಂದ ಕಿಚಾಯಿಸಿದರು. ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಣ್ಣಾಗಿದ್ದ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸೀರೆಯ ಸೆರಗಿನಿಂದ ಒರೆಸುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಪಾಪ, ಇದರದ್ದೇನೂ ತಪ್ಪಿರಲಿಲ್ಲ," ಎಂದರು. "ಒಂದು ತಿಂಗಳು ಸುಮ್ನೆ ಬೈದುಬಿಟ್ಟೆ."